ಜಲ್ಲೆಯ ಮೇಲಿನ ಕಚ್ಚು

ಕಾಯಿಪ್ಪುರಂ
11 ಫೆಬ್ರವರಿ 2008

ಬ್ರಿಜೀತ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆಂದು ಸಿಟ್ಟು ಇಳಿಯಿತು ಎಂದುಕೊಳ್ಳಬೇಡ. ಸಿಟ್ಟು ಇಟ್ಟಲ್ಲೇ ಇದೆ. ನನಗೊಂದು ಪ್ರಶ್ನೆ ಹುಟ್ಟಿದೆ. ಮೂವತ್ತು ವರ್ಷ ಮೂಳೆ ವಾರ್ಡಿನಲ್ಲಿ ನರ್ಸಾಗಿದ್ದವಳು ನನಗೆ ಗೊತ್ತಿರುವವರಲ್ಲಿ ನೀನೊಬ್ಬಳೇ. ಬೇರೆ ಯಾರಾದರೂ ಇದ್ದಿದ್ದರೆ ಅವರಿಗೇ ಬರೆಯುತ್ತಿದ್ದೆ. ಲತಿಕಳ ಹತ್ತಿರ ಮೊಬೈಲ್ ಇದೆ, ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಜಗಳಕ್ಕೆ ನಿಲ್ಲುತ್ತೇನೆ. ಕಾಗದವಾದರೆ ಬೈದದ್ದನ್ನು ಹೊಡೆದುಹಾಕಬಹುದು.

ದೋಣಿ ತಳ್ಳುವ ಬಿದಿರ ಜಲ್ಲೆಯ ಮೇಲೆ ನಾವಿಬ್ಬರೂ ಹದಿನೆಂಟರಲ್ಲಿ ಕಚ್ಚು ಹಾಕಿಕೊಂಡದ್ದು ನೆನಪಿದೆಯಲ್ಲ? ಜಲ್ಲೆಯನ್ನು ನೆಲಕ್ಕೆ ಊರಿ, ಪಕ್ಕದಲ್ಲಿ ನಿಂತು, ಗದ್ದದ ಎತ್ತರಕ್ಕೆ ಕತ್ತಿಯಿಂದ ಒಂದು ಗೆರೆ. ನಮ್ಮ ಹಿನ್ನೀರಿನ ಕಾಯಲಿನಲ್ಲಿ ಜಲ್ಲೆ ಊರಿ ಮೇಲೆತ್ತಿ ನೋಡುವುದು, ಒದ್ದೆ ಆ ಕಚ್ಚಿಗಿಂತ ಕೆಳಗೇ ನಿಂತಿದ್ದರೆ ಇಳಿಯುವುದು, ಕಾಲಿನಿಂದ ತಡಕಿ ಮುಳುಗಿ ಕಪ್ಪೆಚಿಪ್ಪು ಬಾಚುವುದು. ನಿನ್ನ ಕಚ್ಚು ನನ್ನದಕ್ಕಿಂತ ಎರಡು ಬೆರಳು ಮೇಲಿತ್ತು. ಅದಕ್ಕೆ ನೀನು ಎಷ್ಟು ಮೆರೆದಿದ್ದೀಯ ಎಂಬುದೂ ನನಗೆ ನೆನಪಿದೆ.

ಹೋದ ಗುರುವಾರ ಪಾತಿರಾಮಣಲ್ ದ್ವೀಪದ ಈಚೆ ಜಲ್ಲೆ ಊರಿದೆ. ಒದ್ದೆ ಕಚ್ಚಿಗಿಂತ ಒಂದು ಬೆರಳು ಕೆಳಗಿತ್ತು. ಬುಟ್ಟಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಧೈರ್ಯವಾಗಿ ಇಳಿದೆ. ನೀರು ಮೂಗಿಗೆ ಬಂತು! ಗಾಬರಿಯಲ್ಲಿ ಬಾಯಿ ತೆರೆದು ಎರಡು ಗುಟುಕು ನುಂಗಿದೆ. ಬೆನ್ನು ಹಿಡಿದುಕೊಂಡು ಕೈಯೇ ಏಳಲಿಲ್ಲ. ದೋಣಿಯಲ್ಲಿದ್ದ ಲತಿಕ ಜುಟ್ಟು ಹಿಡಿದು ಎಳೆದದ್ದಕ್ಕೆ ಇವತ್ತು ಈ ಕಾಗದ ಬರೆಯುತ್ತಿದ್ದೇನೆ.

ಮಳೆಯಿಲ್ಲ. ಕಡಲ ನೀರು ತಡೆಯುವ ಒಡ್ಡಿನ ಬಾಗಿಲೂ ಮುಚ್ಚಿದೆ, ನೀರು ಏರುವ ಕಾಲವೇ ಅಲ್ಲ. "ಕಾಯಲ್ ಯಾಕೆ ಆಳ ಆಯ್ತೇ?" ಎಂದು ಲತಿಕಳನ್ನು ಕೇಳಿದೆ. ಅವಳು ನನ್ನ ಸೀರೆ ಹಿಂಡುತ್ತಾ, "ಕಾಯಲ್ ಆಳ ಆಗಿಲ್ಲಮ್ಮ, ನೀನೇ ಕುಳ್ಳಿ ಆಗಿದ್ದೀಯ" ಅಂದಳು. ಹೆತ್ತ ಮಗಳು ಆಡುವ ಮಾತೇ ಇದು? ಆದರೂ ಆ ಮಾತು ತಲೆಯಲ್ಲಿ ಕೂತುಬಿಟ್ಟಿದೆ. ಜಲ್ಲೆ ಹಳತಾದಾಗಲೆಲ್ಲ ಹೊಸದನ್ನು ಪಕ್ಕದಲ್ಲಿಟ್ಟು ಕಚ್ಚನ್ನು ದಾಟಿಸುತ್ತೇವೆ. ನಲವತ್ತನಾಲ್ಕು ವರ್ಷದಲ್ಲಿ ಇದು ಹನ್ನೊಂದನೆಯ ಜಲ್ಲೆ. ಒಮ್ಮೆಯೂ ನಾನು ಪಕ್ಕದಲ್ಲಿ ನಿಂತು ನೋಡಿಲ್ಲ. ಯಾರೂ ನೋಡುವುದಿಲ್ಲ.

ದೊಡ್ಡವರು ಕುಗ್ಗುತ್ತಾರೆಯೇ? ಎಲ್ಲಿ ಕುಗ್ಗುತ್ತಾರೆ, ಕಾಲಿನಲ್ಲೋ ಬೆನ್ನಿನಲ್ಲೋ? ನಾನು ಇನ್ನು ನೀರಿಗಿಳಿಯಬಹುದೋ ಬಾರದೋ? ಬಾರದು ಎಂದಾದರೆ ಏಕೆಂದು ಬರೆ. ಕಾರಣ ತಿಳಿಯದೆ ಕಾಯಲ್ ಬಿಡುವವಳಲ್ಲ ನಾನು.

ವಿಲಾಸಿನಿ


ತ್ರಿಶೂರು
19 ಫೆಬ್ರವರಿ 2008

ವಿಲಾಸಿನಿ,

ಕಾಗದ ಬಂತು. ಲತಿಕ ಹೇಳಿದ್ದೇ ಸರಿ.

ಕುಗ್ಗುವುದು ಬೆನ್ನಿನಲ್ಲಿ. ಬೆನ್ನೆಲುಬು ಅಂದರೆ ಒಂದರ ಮೇಲೊಂದು ಇಟ್ಟ ಮಣಿಗಳು. ಒಳಗಿನ ಗಟ್ಟಿತನ ಸವೆದರೆ ಮಣಿ ಸದ್ದಿಲ್ಲದೆ ಕುಸಿಯುತ್ತದೆ. ಬಿದ್ದೇ ಮುರಿಯಬೇಕೆಂದಿಲ್ಲ, ಬುಟ್ಟಿ ಎತ್ತುವಾಗಲೂ ಕುಸಿಯಬಹುದು. ಹೆಂಗಸರು ಅದನ್ನು ಸೊಂಟನೋವು ಎಂದುಕೊಂಡು ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ. ನೀನೂ ಹಚ್ಚಿಸಿಕೊಂಡಿರುತ್ತೀಯ. ಇನ್ನು ಮೇಲೆ ಯಾರ ಕೈಗೂ ಬೆನ್ನು ಕೊಟ್ಟು ತಿಕ್ಕಿಸಿಕೊಳ್ಳಬೇಡ.

ಈಗ ನಾನು ಕೇಳುವುದಕ್ಕೆ ಉತ್ತರ ಕೊಡು. ಐವತ್ತು ದಾಟಿದ ಮೇಲೆ ಯಾವ ಮೂಳೆಯಾದರೂ ಮುರಿದಿದೆಯೇ? ಮುಟ್ಟು ನಿಂತದ್ದು ಯಾವ ವಯಸ್ಸಿಗೆ? ನಿನ್ನ ಅಮ್ಮನ ಬೆನ್ನು ಕೊನೆಗಾಲದಲ್ಲಿ ಬಾಗಿತ್ತು, ಅದು ನನಗೇ ಗೊತ್ತು. ಇವನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಮೂಳೆ ಡಾಕ್ಟರ ಹತ್ತಿರ ಹೋಗು. ಹೊರಡುವ ಮೊದಲು ಗೋಡೆಗೆ ನಿಂತು ಅಳೆಸಿಕೋ, "ನನ್ನ ಎತ್ತರ ಇಷ್ಟು ಬೆರಳು ಕಡಿಮೆಯಾಗಿದೆ" ಎಂದು ಮೊದಲ ಮಾತಿಗೇ ಹೇಳು. ನೋವಿನ ಮಾತ್ರೆ ಬರೆದು ಕಳಿಸಿದರೆ ಎದ್ದು ಬರಬೇಡ. ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಯಂತ್ರವಿದೆ, ಅದರ ಪರೀಕ್ಷೆ ಕೇಳು. ಬೆನ್ನಿನ ಎಕ್ಸ್‌ರೇ ಕೇಳು. ರಕ್ತವನ್ನೂ ನೋಡಲಿ.

ಅಲ್ಲಿಯವರೆಗೆ ನೀರಿಗಿಳಿಯಬೇಡ.

ಬ್ರಿಜೀತ


ಕಾಯಿಪ್ಪುರಂ
16 ಮಾರ್ಚ್ 2008

ಬ್ರಿಜೀತ,

ಹೋಗಿ ಬಂದೆ. ನಿನ್ನ ಕಾಗದ ಸರ್ಕಾರಿ ನೋಟೀಸಿನ ಹಾಗಿತ್ತು, ಆದರೂ ಅದರಲ್ಲಿ ಬರೆದದ್ದನ್ನೆಲ್ಲ ಮಾಡಿದೆ.

ಮೊದಲು ಗೋಡೆಗೆ ನಿಂತು ಅಳೆಸಿಕೊಂಡೆ. ಲತಿಕ ಜಲ್ಲೆಯನ್ನು ಪಕ್ಕಕ್ಕೆ ಹಿಡಿದಳು. ಕಚ್ಚು ನನ್ನ ಮೂಗಿನ ಕೆಳಗೆ ಬಂತು. ಸರಿಯಾಗಿ ಮೂರು ಬೆರಳು. ನನಗೆ ಅಳು ಬರಬೇಕಿತ್ತು, ಬಂದದ್ದು ನಗು. ಮೂರು ಬೆರಳಿನಷ್ಟು ನಾನು ಎಲ್ಲಿ ಹೋದೆ?

ಡಾಕ್ಟರಮ್ಮ ಚಿಕ್ಕ ಹುಡುಗಿ. ನನ್ನ ಚೀಟಿ ಓದಿದಳು. ಎರಡು ವರ್ಷದ ಹಿಂದೆ ದೋಣಿ ಕಟ್ಟುವ ಕಡವಿನಲ್ಲಿ ಜಾರಿ ಮಣಿಕಟ್ಟು ಮುರಿದದ್ದು, ಮೂವತ್ತೆಂಟಕ್ಕೇ ಗರ್ಭಕೋಶ, ಅಂಡಾಶಯ ಎಲ್ಲ ತೆಗೆಸಿದ್ದು, ಅಮ್ಮನ ಗೂನು. "ಇಷ್ಟು ಚೆನ್ನಾಗಿ ಬರ್ಕೊಂಡು ಬಂದೋರು ಯಾರೂ ಇಲ್ಲಮ್ಮ, ಯಾರು ಹೇಳ್ಕೊಟ್ರು?" ಎಂದು ಕೇಳಿದಳು. "ಒಬ್ಬಳಿದ್ದಾಳೆ, ಮಾತು ಬಿಟ್ಟಿದ್ದೀವಿ" ಅಂದೆ.

ಆ ಯಂತ್ರ ಏನೂ ಮಾಡುವುದಿಲ್ಲ ಕಣೇ. ಸುಮ್ಮನೆ ಮಲಗಿರುವುದು. ಮೇಲೆ ಒಂದು ತೋಳು ನಿಧಾನವಾಗಿ ಸರಿದುಹೋಗುತ್ತದೆ. "ಇದೇನು, ಇಸ್ತ್ರಿ ಮಾಡ್ತಿದ್ದೀರಾ?" ಅಂತ ಕೇಳಿದ್ದಕ್ಕೆ ಅಲ್ಲಿದ್ದವನು ನಕ್ಕು, ಅಲುಗಬೇಡಿ ಅಂದ. ಅಂಕಿ ಬಂದದ್ದು ಸೊನ್ನೆಗಿಂತ ಕೆಳಗೆ ಮೂರು ಚಿಲ್ಲರೆ. ಎರಡೂವರೆಗೆ ಇಳಿದರೇ ಕಾಯಿಲೆಯಂತೆ. ಎಕ್ಸ್‌ರೇಯಲ್ಲಿ ಎರಡು ಮಣಿ ಮುಂಭಾಗದಲ್ಲಿ ಕುಸಿದಿವೆ. ಯಾವತ್ತು ಕುಸಿದವೋ ನನಗೇ ಗೊತ್ತಿಲ್ಲ.

ನನಗೆ ಅರ್ಥವಾದದ್ದನ್ನು ಹೇಳುತ್ತೇನೆ, ತಪ್ಪಿದ್ದರೆ ತಿದ್ದು. ನಮ್ಮ ಸುಣ್ಣದ ಭಟ್ಟಿಯಲ್ಲಿ ಬೆಂದ ಚಿಪ್ಪು ನೋಡಿದ್ದೀಯಲ್ಲ, ಹೊರಗೆ ಚಿಪ್ಪಿನ ಆಕಾರವೇ ಇರುತ್ತದೆ, ಗೀರು ಕೂಡ ಕಾಣುತ್ತದೆ, ಬೆರಳಿಟ್ಟರೆ ಪುಡಿ. ನನ್ನ ಬೆನ್ನೂ ಹಾಗೆಯೇ ಆಗಿದೆಯಂತೆ. ಅದಕ್ಕೇ ನನಗೊಂದು ದೊಡ್ಡ ಸಂಶಯ. ಮೂಳೆಗೆ ಬೇಕಾದದ್ದು ಸುಣ್ಣದ ಅಂಶ ಅಂದಳು. ಹುಟ್ಟಿದಾಗಿನಿಂದ ನಾನು ಸುಣ್ಣದಲ್ಲೇ ಬಿದ್ದಿದ್ದೇನೆ. ಚಿಪ್ಪು ಹೆಕ್ಕಿದ್ದೇನೆ, ಬೇಯಿಸಿದ್ದೇನೆ, ಭಟ್ಟಿಯ ಹೊಗೆ ಕುಡಿದಿದ್ದೇನೆ, ದಿನಕ್ಕೆ ಆರು ಸಲ ವೀಳ್ಯಕ್ಕೆ ಹಚ್ಚಿ ತಿಂದಿದ್ದೇನೆ. ಊರಿಗೆಲ್ಲ ಸುಣ್ಣ ಕೊಟ್ಟವಳ ಮೂಳೆಗೇ ಸುಣ್ಣವಿಲ್ಲವೆಂದರೆ ಯಾವ ನ್ಯಾಯ?

ಚಿಕಿತ್ಸೆಗೆ ಎರಡು ದಾರಿ ಹೇಳಿದಳು. ವಾರಕ್ಕೊಂದು ಮಾತ್ರೆ, ಇಲ್ಲವೇ ಈಗ ಹೊಸದಾಗಿ ಬಂದಿರುವ, ವರ್ಷಕ್ಕೊಮ್ಮೆ ಡ್ರಿಪ್ಪಿನಲ್ಲಿ ಹಾಕುವ ಔಷಧ. ಯಾವುದು ಒಳ್ಳೆಯದು? ನಿನ್ನ ವಾರ್ಡಿನಲ್ಲಿ ಯಾವುದು ಕೊಡುತ್ತಿದ್ದಿರಿ? ಹೋದ ಮೂರು ಬೆರಳು ವಾಪಸು ಬರುತ್ತದೆಯೇ?

ವಿಲಾಸಿನಿ


ತ್ರಿಶೂರು
24 ಮಾರ್ಚ್ 2008

ವಿಲಾಸಿನಿ,

ಹೋದ ಎತ್ತರ ಬರುವುದಿಲ್ಲ. ಔಷಧವಿರುವುದು ಇನ್ನಷ್ಟು ಹೋಗದಿರಲಿ ಎಂದು, ಮುಂದಿನ ಮೂಳೆ ಮುರಿಯದಿರಲಿ ಎಂದು. ಬೆನ್ನಾಯಿತು, ಮಣಿಕಟ್ಟಾಯಿತು, ಉಳಿದಿರುವುದು ತೊಡೆಯ ಮೇಲ್ಗಡೆಯ ಮೂಳೆ. ಅದು ಮುರಿದರೆ ಹೆಣ್ಣು ಅರ್ಧ ಮುರಿದಂತೆ. ನಾನು ನೋಡಿದ್ದೇನೆ.

ಸುಣ್ಣದ ಸಂಶಯಕ್ಕೆ ಉತ್ತರ: ಗೋಡೆಯ ಪಕ್ಕ ಸುಣ್ಣ ಸುರಿದ ಮಾತ್ರಕ್ಕೆ ಗೋಡೆ ಏಳುವುದಿಲ್ಲ, ಕಟ್ಟುವ ಕೈ ಬೇಕು. ಮೂವತ್ತೆಂಟಕ್ಕೆ ಆಪರೇಷನ್ ಆದಾಗಲೇ ಅರ್ಧ ಕೆಲಸಗಾರರು ಎದ್ದುಹೋದರು. ಕೆಡವುವವರು ಮಾತ್ರ ಉಳಿದರು. ಈ ಮಾತ್ರೆ ಕೆಡವುವವರ ಕೈ ಕಟ್ಟುತ್ತದೆ.

ಮಾತ್ರೆಯಿಂದ ಶುರುಮಾಡು. ಹೊಟ್ಟೆ ತಡೆಯದಿದ್ದರೆ ಡ್ರಿಪ್ ಇದ್ದೇ ಇದೆ. ಹಲ್ಲು ಕೀಳಿಸುವುದಿದ್ದರೆ ಮೊದಲೇ ಡಾಕ್ಟರಿಗೆ ಹೇಳು. ಮಾತ್ರೆಗೆ ಕಟ್ಟುನಿಟ್ಟುಂಟು. ಬೆಳಿಗ್ಗೆ ಎದ್ದ ತಕ್ಷಣ, ಬರಿಹೊಟ್ಟೆಯಲ್ಲಿ, ಒಂದು ದೊಡ್ಡ ಲೋಟ ಬರೀ ನೀರಿನಲ್ಲಿ ನುಂಗಬೇಕು. ಬರೀ ನೀರು ಅಂದರೆ ನಮ್ಮೂರಲ್ಲಿ ಕುಡಿಯುವ ಪದಿಮುಗದ ಚಕ್ಕೆ ಕುದಿಸಿದ ಕೆಂಪು ನೀರೂ ಅಲ್ಲ, ಜೀರಿಗೆ ನೀರೂ ಅಲ್ಲ. ನುಂಗಿದ ಮೇಲೆ ಅರ್ಧ ಗಂಟೆ ನೆಟ್ಟಗೆ ಕೂತಿರಬೇಕು, ಮಲಗಬಾರದು, ಬಾಗಬಾರದು. ಆಮೇಲೆಯೇ ಕಾಪಿ.

ಬಾಗಿ ಬುಟ್ಟಿ ಎತ್ತುವುದು, ಬಲೆ ಕಟ್ಟಿದ ಕೋಲು ಜಗ್ಗುವುದು ಇನ್ನು ನಿನ್ನ ಕೆಲಸವಲ್ಲ. ನಡೆ, ದಿನಾ ನಡೆ. ನೀರಿಗಿಳಿಯುವ ಮಾತನ್ನು ಡಾಕ್ಟರಿಗೇ ಕೇಳು.

ಬ್ರಿಜೀತ


ಕಾಯಿಪ್ಪುರಂ
8 ಜೂನ್ 2008

ಬ್ರಿಜೀತ,

ಹತ್ತು ವಾರ, ಹತ್ತು ಮಾತ್ರೆ. ಭಾನುವಾರ ಬೆಳಿಗ್ಗೆ ನಾನು ನೆಟ್ಟಗೆ ಕೂತರೆ ಮನೆಯವರೆಲ್ಲ ಒಳ್ಳೆ ನಾಟಕ ನೋಡುವವರ ಹಾಗೆ ನೋಡುತ್ತಾರೆ. "ಅಮ್ಮ ಫೋಟೋಗೆ ಕೂತಿದ್ದಾಳೆ, ಯಾರೂ ಅಡ್ಡ ಬರ್ಬೇಡಿ" ಎನ್ನುತ್ತಾಳೆ ಲತಿಕ. ಹೊಟ್ಟೆ ಉರಿಯಲಿಲ್ಲ. ಬರೀ ನೀರು ಗಂಟಲಿಗೆ ಇಳಿಯುವುದು ಕಷ್ಟ, ಹಸಿ ವಾಸನೆ, ಆದರೂ ಕುಡಿಯುತ್ತೇನೆ. ಆ ಅರ್ಧ ಗಂಟೆ ಮಾತ್ರ ಹೋಗುವುದೇ ಇಲ್ಲ. ಅದಕ್ಕೆ ಒಂದೆರಡು ವೀಳ್ಯ ಮಡಚಿ ಹಾಕಿಕೊಂಡು ಕಾಯಲ್ ನೋಡುತ್ತಾ ಕೂರುತ್ತೇನೆ.

ನೋಡುತ್ತಾ ಕೂತಾಗ ಏನೇನೋ ನೆನಪಾಗುತ್ತದೆ. ಅದಕ್ಕೆ ಕೇಳಿಯೇಬಿಡುತ್ತೇನೆ. ದಿವಾಕರನ್ ಸತ್ತಾಗ ನೀನು ಯಾಕೆ ಬರಲಿಲ್ಲ? ಅವನು ನಿನ್ನನ್ನು "ಉದ್ದದ ತಂಗಿ" ಎಂದು ಕರೆಯುತ್ತಿದ್ದ. ಲತಿಕ ನೀನಿರುವ ನರ್ಸುಗಳ ಹಾಸ್ಟೆಲ್ಲಿಗೆ ಫೋನ್ ಮಾಡಿ ತಿಳಿಸಿದ್ದಳು. ಹೆಣ ಎತ್ತುವುದನ್ನು ಸಂಜೆ ನಾಲ್ಕರವರೆಗೆ ತಡೆಸಿದೆ. ಪ್ರತಿ ಬಸ್ಸಿನ ಸದ್ದಿಗೂ ದಾರಿ ನೋಡಿದೆ. ಹದಿನಾರನೆಯ ದಿನದ ಕರ್ಮಕ್ಕೂ ಬರಲಿಲ್ಲ, ಒಂದು ಸಾಲು ಬರೆಯಲಿಲ್ಲ. ಗಂಡ ಹೋದದ್ದಕ್ಕೆ ಅತ್ತೆ, ಅದು ಸರಿ. ನಿನಗೋಸ್ಕರವೂ ಅಳಬೇಕಾಯಿತಲ್ಲ, ಅದು ನನಗೆ ಇವತ್ತಿಗೂ ಉರಿಯುತ್ತದೆ.

ಇನ್ನೊಂದು ಹೇಳಿಬಿಡುತ್ತೇನೆ. ಹತ್ತು ಜಲ್ಲೆಗಳವರೆಗೆ ನನ್ನ ಕಚ್ಚಿನ ಜೊತೆ ನಿನ್ನ ಕಚ್ಚನ್ನೂ ದಾಟಿಸುತ್ತಾ ಬಂದಿದ್ದೆ. ನೀನು ಇಲ್ಲಿ ನೀರಿಗಿಳಿಯದೆ ನಲವತ್ತು ವರ್ಷವಾದರೂ. ಆ ವರ್ಷ ಹನ್ನೊಂದನೆಯದನ್ನು ಕಡಿದಾಗ ದಾಟಿಸಲಿಲ್ಲ.

ವಿಲಾಸಿನಿ


ತ್ರಿಶೂರು
13 ಜೂನ್ 2008

ಅಯ್ಯೋ ಪೆದ್ದಿ,

ವೀಳ್ಯವೇ? ಸುಣ್ಣ ಹಚ್ಚಿದ ವೀಳ್ಯವೇ? ಮಾತ್ರೆ ನುಂಗಿದ ಮೇಲೆ? ಕಾಗದ ಓದಿ ನಾನು ಊಟದ ಮನೆಯಲ್ಲಿ ಕೂಗಿದ ಕೂಗಿಗೆ ಅಡುಗೆಯವಳು ಸೌಟು ಬೀಳಿಸಿದಳು.

ಸುಣ್ಣ ಆ ಮಾತ್ರೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ, ರಕ್ತಕ್ಕೆ ಹೋಗಲು ಬಿಡುವುದಿಲ್ಲ. ಡಾಕ್ಟರಮ್ಮ ಕೊಟ್ಟಿರುವ ಸುಣ್ಣದಂಶದ ಗುಳಿಗೆಯನ್ನೂ ಅದಕ್ಕೇ ಊಟದ ಹೊತ್ತಿಗೆ ನುಂಗು ಎಂದಿರುತ್ತಾಳೆ. ನಿನ್ನ ಹತ್ತು ಮಾತ್ರೆಯಲ್ಲಿ ಎಷ್ಟು ಮೈಗೆ ಹತ್ತಿತೋ ದೇವರೇ ಬಲ್ಲ. ಕೆಂಪು ನೀರನ್ನು ನೆನಪಿಟ್ಟು ಬರೆದವಳು ವೀಳ್ಯವನ್ನು ಮರೆತೆನಲ್ಲ, ತಪ್ಪು ನನ್ನದೂ ಹೌದು. ಬರೀ ನೀರು ಅಂದರೆ ಬರೀ ಬಾಯಿ ಕೂಡ ಎಂದು ತಿಳಿ. ಮುಂದಿನ ಭಾನುವಾರದಿಂದ ಜಪಸರ ಹಿಡಿ, ಪೇಪರ್ ಓದು, ಲತಿಕಳನ್ನು ಬೈಯಿ, ಬಾಯಿಗೆ ಏನೂ ಹಾಕಬೇಡ. ಡಾಕ್ಟರಮ್ಮನಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳು, ನಾಚಿಕೊಳ್ಳಬೇಡ. ಸಾಧ್ಯವಾದರೆ ಆ ವೀಳ್ಯವನ್ನೇ ಬಿಟ್ಟುಬಿಡು.

ಉಳಿದದ್ದಕ್ಕೆ ಇವತ್ತು ಬರೆಯಲಾರೆ.

ಬ್ರಿಜೀತ


ಕಾಯಿಪ್ಪುರಂ
21 ಸೆಪ್ಟೆಂಬರ್ 2008

ಬ್ರಿಜೀತ,

ಉಳಿದದ್ದಕ್ಕೆ ನೀನು ಬರೆಯುತ್ತೀಯೆಂದು ಮೂರು ತಿಂಗಳು ಕಾದೆ. ಓಣವೂ ಬಂದು ಹೋಯಿತು. ಬರೆಯಲಿಲ್ಲ.

ಡಾಕ್ಟರಮ್ಮನಿಗೆ ವೀಳ್ಯದ ಕಥೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡು, "ಇದನ್ನ ಕೇಳ್ಬೇಕು ಅಂತ ನಮಗೆ ಹೊಳೆದೇ ಇಲ್ಲ ನೋಡಿ" ಅಂದಳು. ಈಗ ನಮ್ಮ ಕಡೆಯಿಂದ ಹೋದವರನ್ನೆಲ್ಲ ಮೊದಲು ಅದನ್ನೇ ಕೇಳುತ್ತಾಳಂತೆ. ಜೂನ್‌ನಿಂದ ಲೆಕ್ಕ ಹೊಸದು. ವೀಳ್ಯ ದಿನಕ್ಕೆ ಎರಡಕ್ಕೆ ಇಳಿದಿದೆ, ಪೂರ್ತಿ ಬಿಡು ಎಂದು ಪೀಡಿಸಬೇಡ. ನೀರಿನ ಮಾತನ್ನೂ ಕೇಳಿದೆ. ಬುಟ್ಟಿ ಕಟ್ಟಿಕೊಂಡು ಮುಳುಗುವುದು ಬೇಡವೇ ಬೇಡ, ಎದೆಮಟ್ಟದ ನೀರಿನಲ್ಲಿ ಜೊತೆಗೊಬ್ಬರು ಇದ್ದರೆ ನಿಲ್ಲಬಹುದು, ನಡೆಯಬಹುದು ಅಂದಳು. ಹೆಕ್ಕಿದ್ದನ್ನು ಲತಿಕ ಎತ್ತುತ್ತಾಳೆ. ಅಷ್ಟಾದರೂ ಸಿಕ್ಕಿತು.

ಈಗ ನನ್ನ ತಲೆಗೆ ಹತ್ತಿರುವ ಹೊಸ ಪ್ರಶ್ನೆ ಕೇಳು. ನೀನು ನನಗೆ "ತೊಡೆಯ ಮೂಳೆ ಮುರಿದರೆ ಹೆಣ್ಣು ಅರ್ಧ ಮುರಿದಂತೆ, ನಾನು ನೋಡಿದ್ದೇನೆ" ಎಂದು ಬರೆದಿದ್ದೆ. ಆ ಕಾಗದವನ್ನು ಎಷ್ಟು ಸಲ ಓದಿದೆನೋ. ಉಳಿದದ್ದನ್ನೆಲ್ಲ ಸಿಸ್ಟರ್ ಬರೆದ ಹಾಗಿದೆ, ಆ ಸಾಲು ಮಾತ್ರ ಬೇರೆ. ನಿನಗೂ ನನಗೂ ಒಂದೇ ವಯಸ್ಸು. ನಿನ್ನ ಬೆನ್ನು ಯಾರು ಅಳೆದರು?

ಹತ್ತನೆಯ ಜಲ್ಲೆಯನ್ನು ಹಿತ್ತಲಿನಲ್ಲಿ ಬಟ್ಟೆ ಒಣಗಿಸಲು ನೆಟ್ಟಿದ್ದೆವು. ನಿನ್ನೆ ಅದನ್ನು ಕೀಳಿಸಿ ತೊಳೆಸಿದೆ. ನಿನ್ನ ಕಚ್ಚು ಇನ್ನೂ ಇದೆ. ಜಲ್ಲೆಯ ಬುಡದಿಂದ ಆ ಕಚ್ಚಿನವರೆಗೆ ತೆಂಗಿನ ನಾರಿನ ದಾರ ಹಿಡಿದು ಕತ್ತರಿಸಿ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಹಿಮ್ಮಡಿಯ ಕೆಳಗೆ ಒಂದು ತುದಿ ಇಟ್ಟು ಗೋಡೆಗೆ ನಿಲ್ಲು. ಗದ್ದ ಎಲ್ಲಿ ಬರುತ್ತದೋ ಅಲ್ಲಿ ಗಂಟು ಹಾಕಿ ವಾಪಸು ಕಳಿಸು. ಅಷ್ಟು ಮಾಡು. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ.

ವಿಲಾಸಿನಿ


ತ್ರಿಶೂರು
2 ನವೆಂಬರ್ 2008

ಪ್ರೀತಿಯ ವಿಲಾಸಿನಿ,

ನಿನ್ನ ದಾರ ಆರು ವಾರ ನನ್ನ ತಲೆದಿಂಬಿನ ಕೆಳಗಿತ್ತು.

ಲತಿಕ ನಸುಕಿನಲ್ಲಿ ಫೋನ್ ಮಾಡಿದ ದಿನ ನಾನು ಬೆಳಗಿನ ಆರು ಗಂಟೆಯ ಬಸ್ಸಿಗೆಂದು ಎದ್ದೆ. ಸ್ನಾನದ ಮನೆಯಲ್ಲಿ ಅವಸರದಲ್ಲಿ ತಿರುಗಿದೆ. ಬಿದ್ದೆನೋ, ಮೂಳೆ ಮೊದಲು ಮುರಿದು ಆಮೇಲೆ ಬಿದ್ದೆನೋ, ಇವತ್ತಿಗೂ ಹೇಳಲಾರೆ. ಎಡತೊಡೆ. ನೀನು ಸಂಜೆ ನಾಲ್ಕರವರೆಗೆ ಬಸ್ಸು ಕಾದೆ ಎಂದು ಬರೆದೆಯಲ್ಲ, ಆ ನಾಲ್ಕು ಗಂಟೆಗೆ ನನ್ನನ್ನು ಆಪರೇಷನ್ ಕೋಣೆಗೆ ತೆಗೆದುಕೊಂಡು ಹೋದರು. ನಾನೇ ಕೆಲಸ ಮಾಡಿದ ಕೋಣೆ. ನಾನೇ ಕಲಿಸಿದ ಹುಡುಗಿಯರು.

ಗಂಡ ಸತ್ತವಳಿಗೆ ನನ್ನ ಕಾಲಿನ ಸುದ್ದಿ ಹೇಳುವುದೇ ಎಂದು ಮೊದಲು ಸುಮ್ಮನಾದೆ. ಆಮೇಲೆ ನಾಚಿಕೆಯಾಯಿತು. ಸಾವಿರ ಹೆಂಗಸರಿಗೆ ಮೂಳೆಯ ಪಾಠ ಹೇಳಿದವಳು ಒಂದು ದಿನವೂ ತನ್ನದನ್ನು ಪರೀಕ್ಷೆ ಮಾಡಿಸಿರಲಿಲ್ಲ. ಆಪರೇಷನ್ ಆದ ಮೇಲೆ ನನಗೂ ಅದೇ ವಾರದ ಮಾತ್ರೆ ಬರೆದರು. ಎದೆ ಉರಿಯಿತೆಂದು ಮೂರೇ ತಿಂಗಳಿಗೆ ಬಿಟ್ಟುಬಿಟ್ಟೆ, ಯಾರಿಗೂ ಹೇಳಲಿಲ್ಲ. ಈಗ ನಾಲ್ಕು ಕಾಲಿನ ವಾಕರ್ ಹಿಡಿದು ಕೋಣೆಯಿಂದ ಊಟದ ಮನೆಗೆ, ಊಟದ ಮನೆಯಿಂದ ಕೋಣೆಗೆ. ನಿನಗೆ ಬರೆದ ಒಂದು ಸಾಲನ್ನೂ ನಾನು ಪಾಲಿಸಿಲ್ಲ ಕಣೇ. ನೀನು ವೀಳ್ಯ ಹಾಕಿಕೊಂಡಾದರೂ ನುಂಗಿದೆ.

ನಿನ್ನೆ ಸಕಲ ಸಂತರ ಹಬ್ಬ. ಪ್ರಾರ್ಥನೆ ಮುಗಿದ ಮೇಲೆ ಅಡುಗೆಯವಳನ್ನು ಕರೆದು, "ನನ್ನನ್ನ ಗೋಡೆಗೆ ನಿಲ್ಲಿಸೇ" ಅಂದೆ. "ಏನ್ ಸಿಸ್ಟರ್, ಈ ವಯಸ್ಸಲ್ಲಿ ಪೊಲೀಸ್ ಕೆಲಸಕ್ಕೆ ಸೇರ್ತೀರಾ?" ಎಂದು ಕೇಳಿದಳು. ದಾರ ಹಿಡಿದಳು, ಗಂಟು ಹಾಕಿದಳು. ಐದು ಬೆರಳು ಹೋಗಿದೆ ವಿಲಾಸಿನಿ. ನಾನು ಎಣಿಸಿದ್ದಕ್ಕಿಂತ ಹೆಚ್ಚು.

ದಾರ ಇದರೊಳಗಿದೆ. ಕಚ್ಚು ದಾಟಿಸದೆ ಬಿಟ್ಟದ್ದು ಸರಿಯೇ. ನಾನು ಬಂದಿರಲಿಲ್ಲ.

ನಿನ್ನ
ಬ್ರಿಜೀತ


ಕಾಯಿಪ್ಪುರಂ
9 ನವೆಂಬರ್ 2008

ಬ್ರಿಜೀತ, ನನ್ನ ಬಂಗಾರ,

ಲತಿಕ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದಳು. ಆರು ಗಂಟೆಯ ಬಸ್ಸಿನ ಜಾಗಕ್ಕೆ ಬಂದಾಗ ನಾನು ಅವಳ ಕೈಯಿಂದ ಕಸಿದುಕೊಂಡು ಹಿತ್ತಲಿಗೆ ಹೋದೆ. ನಾಲ್ಕು ವರ್ಷ ನಿನ್ನನ್ನು ಬೈದದ್ದೆಲ್ಲ ಒಟ್ಟಿಗೆ ನೆನಪಾಯಿತು. ನೀನು ಬರಲು ಹೊರಟಿದ್ದೆಯಲ್ಲೇ. ಹೇಳಬಾರದಿತ್ತೇ, ಕತ್ತೆ? ಒಂದು ಸಾಲು ಬರೆದಿದ್ದರೆ ಹದಿನಾರು ಮುಗಿಸಿ ಅಲ್ಲಿಗೇ ಬಂದು ನಿನ್ನ ಮಂಚದ ಪಕ್ಕ ಕೂರುತ್ತಿದ್ದೆ. ಇಬ್ಬರೂ ಒಂದೇ ಸಲ ಅಳಬಹುದಿತ್ತು.

ಅತ್ತು ಮುಗಿದ ಮೇಲೆ ಕೆಲಸಕ್ಕೆ ಕೂತೆ. ಹನ್ನೊಂದನೆಯ ಜಲ್ಲೆ ಸೀಳು ಬಿಟ್ಟಿದೆ, ಹೊಸದು ಕಡಿಸಿದ್ದೆವು. ಈ ಸಲ ಹಳೆಯದರಿಂದ ದಾಟಿಸಲಿಲ್ಲ, ಪಕ್ಕದಲ್ಲಿ ನಿಂತೇ ನನ್ನ ಕಚ್ಚು ಹಾಕಿಸಿದೆ. ಆಮೇಲೆ ನಿನ್ನ ದಾರವನ್ನು ಬುಡದಿಂದ ಹಿಡಿದೆ. ಗಂಟು ನನ್ನ ಕಚ್ಚಿನ ಮೇಲೆಯೇ ಬಂದು ಕೂತಿತು. ನಂಬಿಕೆಯಾಗದೆ ಲತಿಕಳ ಕೈಯಲ್ಲಿ ಎರಡು ಸಲ ಅಳೆಸಿದೆ. ನೀನು ಎರಡು ಬೆರಳು ಉದ್ದವಿದ್ದವಳು, ನಿನ್ನದು ಐದು ಹೋಯಿತು, ನನ್ನದು ಮೂರು. "ಅಮ್ಮಾ, ಇನ್ನೊಂದು ಕಚ್ಚು ಯಾಕೆ? ಇಬ್ಬರಿಗೂ ಒಂದೇ ಸಾಕಲ್ಲ" ಅಂದಳು.

ಹಾಗಾಗಿ ಹನ್ನೆರಡನೆಯ ಜಲ್ಲೆಯ ಮೇಲೆ ಒಂದೇ ಕಚ್ಚಿದೆ, ಸ್ವಲ್ಪ ಆಳವಾಗಿ ಹಾಕಿಸಿದ್ದೇನೆ.

ಈಗ ನಾನು ಹೇಳಿದ್ದನ್ನು ಕೇಳು. ಡಾಕ್ಟರಮ್ಮನಿಗೆ ನಿನ್ನ ವಿಷಯ ಹೇಳಿದೆ. ಮಾತ್ರೆ ಎದೆ ಉರಿಸುವವರಿಗೇ ಆ ವರ್ಷಕ್ಕೊಮ್ಮೆಯ ಡ್ರಿಪ್, ರಕ್ತ, ಮೂತ್ರಪಿಂಡ ಸರಿಯಿದೆಯೇ ಎಂದು ಮೊದಲು ನೋಡಬೇಕು ಅಂದಳು. ಈ ಮಾತು ನನಗಿಂತ ನಿನಗೇ ಚೆನ್ನಾಗಿ ಗೊತ್ತು, ನನಗೆ ನೀನೇ ಬರೆದದ್ದು. ನಿನ್ನ ಹಳೆಯ ವಾರ್ಡಿಗೆ ಹೋಗಲು ನಾಚಿಕೆಯಾದರೆ ನಾನು ಜೊತೆಗಿರುತ್ತೇನೆ. ನೀನು ಕಲಿಸಿದ ಹುಡುಗಿಯರಿಗೆ ನಾನೇ ಹೇಳುತ್ತೇನೆ. ಸೋಮವಾರ ಹದಿನೇಳಕ್ಕೆ ಬೆಳಗಿನ ಬಸ್ಸಿಗೆ ಲತಿಕ ನನ್ನನ್ನು ಹತ್ತಿಸುತ್ತಾಳೆ. ಭಾರ ಏನೂ ತರುವುದಿಲ್ಲ, ಹೆದರಬೇಡ. ಕಪ್ಪೆಚಿಪ್ಪಿನ ಮಾಂಸ ಹುರಿದು ಸ್ವಲ್ಪ ತರುತ್ತೇನೆ, ಮತ್ತೆ ಈ ದಾರ.

ಅದನ್ನು ನಿನ್ನ ಕೋಣೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕುತ್ತೇವೆ. ಮುಂದಿನ ವರ್ಷ, ಆಮೇಲಿನ ವರ್ಷ, ಇಬ್ಬರೂ ಅದರ ಪಕ್ಕದಲ್ಲಿ ನಿಲ್ಲೋಣ. ಇಬ್ಬರಲ್ಲಿ ಯಾರೂ ಆ ಗಂಟಿಗಿಂತ ಕೆಳಗೆ ಇಳಿಯಬಾರದು.

ಭಾನುವಾರದ ಮಾತ್ರೆ ನುಂಗಿ, ಬರೀ ಬಾಯಲ್ಲಿ, ನೆಟ್ಟಗೆ ಕೂತು ಇದನ್ನು ಬರೆದೆ. ಅರ್ಧ ಗಂಟೆ ಹೋದದ್ದೇ ತಿಳಿಯಲಿಲ್ಲ.

ನಿನ್ನ
ವಿಲಾಸಿನಿ